ಎಡಗಡೆಯ ಕತ್ತಲೆ

ಗುಬ್ಬಿ ಹುಟ್ಟಿದ್ದು ಆರು ತಿಂಗಳು ತುಂಬುವ ಮೊದಲೇ. ಬಡಗಿಯಾದ ಅಪ್ಪನ ಎರಡು ಅಂಗೈಯಲ್ಲಿ ಹಿಡಿಸುವಷ್ಟಿದ್ದಳು. ಅವನ ಉಂಗುರ ಅವಳ ಭುಜದವರೆಗೂ ಏರುತ್ತಿತ್ತು. ಆ ಹೆಸರು ಬಂದದ್ದು ಹಾಗೆ. ಬದುಕಿಕೊಂಡರೂ ಕಣ್ಣು, ಕಿವಿ, ಶ್ವಾಸಕೋಶ, ಬುದ್ಧಿ ಯಾವುದಕ್ಕೂ ಈಗಲೇ ಮಾತು ಕೊಡಲಾರೆವು ಎಂದಿದ್ದರು ಡಾಕ್ಟರು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗಲೇ ಎರಡೂ ಕಣ್ಣಿಗೆ ಲೇಸರ್ ಚಿಕಿತ್ಸೆ ಮಾಡಿದ್ದರು.

ಅವಳು ತಡವಾಗಿ ನಡೆದಳು, ತಡವಾಗಿ ಮಾತಾಡಿದಳು. ಲೆಕ್ಕ ತಲೆಗೆ ಹತ್ತಲಿಲ್ಲ. ಎರಡು ಕೆಲಸ ಹೇಳಿದರೆ ಒಂದನ್ನು ಮರೆಯುವಳು, ಮೆಟ್ಟಿಲಲ್ಲಿ ಎಡವುವಳು. ಅಮ್ಮ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಆದರೆ ಕಾದು ಕಾದು ಯಾರಿಗಾದರೂ ದಣಿವಾಗುತ್ತದೆ. ಶಾಲೆ ಮುಗಿಸಿ ಅಪ್ಪನ ಶೆಡ್ಡಿಗೆ ಹೋಗತೊಡಗಿದ ಮಗಳು ಕುರ್ಚಿಯ ಕಾಲನ್ನು ಬೆಣ್ಣೆಯಂತೆ ನುಣುಪು ಮಾಡುವುದನ್ನು ಕಂಡ ಮೇಲೆ, ಗಂಡಾಂತರ ಕಳೆಯಿತು ಎಂದುಕೊಂಡಳು. ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕು ಎಂಬ ಮಾತಿತ್ತು. ಕನ್ನಡಕ ಸರಿಯಾಗೇ ಇದೆಯಲ್ಲ ಎಂದು ಒಂದು ವರ್ಷ ಅದು ತಪ್ಪಿತು, ಆಮೇಲೆ ತಪ್ಪುತ್ತಲೇ ಹೋಯಿತು.

ಗುಬ್ಬಿಗೆ ಹತ್ತೊಂಬತ್ತಾದಾಗ ಸಣ್ಣಪುಟ್ಟದ್ದು ಶುರುವಾಯಿತು. ಊಟದ ಮೇಜಿನ ಎಡಬದಿಯ ಲೋಟ ಉರುಳಿತು. ಅವಳು ವಾರ್ನಿಷ್ ಬಳಿದ ಬಾಗಿಲಿನ ಎಡ ಅಂಚು ಹಾಗೇ ಉಳಿಯಿತು. ಆ ಕಡೆಯಿಂದ ಯಾರಾದರೂ ಬಂದರೆ ಬೆಚ್ಚಿಬೀಳುವಳು. ಬೇರೆ ಮಕ್ಕಳಾಗಿದ್ದರೆ ಮನೆಯವರಿಗೆ ಅನುಮಾನ ಬರುತ್ತಿತ್ತೇನೋ. ಗುಬ್ಬಿ ಮೊದಲಿನಿಂದಲೂ ಹಾಗೇ ಅಲ್ಲವೇ. ಗಮನ ಎಲ್ಲಿಟ್ಟಿರುತ್ತೀಯ ಎಂದು ಅಪ್ಪ ಗದರಿದ. ಅವಳೂ ತಪ್ಪು ತನ್ನದೇ ಎಂದು ನಂಬಿದಳು. ಕಣ್ಣ ಮುಂದೆ ಕರಿ ಚುಕ್ಕೆಗಳು ತೇಲಿದಾಗ ಮರದ ಪುಡಿಯೆಂದು ಕನ್ನಡಕ ಒರೆಸಿದಳು. ಚುಕ್ಕೆಗಳು ಹೋಗಲಿಲ್ಲ. ಆಮೇಲೆ ಎಡ ಮೂಲೆಯಿಂದ ಪರದೆಯಂಥದ್ದೊಂದು ಮೆಲ್ಲಗೆ ಸರಿದು ಬರತೊಡಗಿತು. ಹೇಳಿದರೆ ಶೆಡ್ಡಿಗೆ ಬರಬೇಡ ಎಂದಾರು ಎಂಬ ಭಯಕ್ಕೆ ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಅವಳು ಗರಗಸದ ಮೆಷಿನ್ನಿಗೆ ಹಲಗೆ ಒಡ್ಡುತ್ತಿದ್ದಳು. ಎಡಕ್ಕೆ ನಿಂತಿದ್ದ ಅಪ್ಪ ಹಲಗೆಯಲ್ಲೊಂದು ಮೊಳೆ ಕಂಡು, ನಿಲ್ಲಿಸು ಎಂದು ಕೈ ಅಡ್ಡ ಹಿಡಿದ. ಆ ಸದ್ದಿನಲ್ಲಿ ಮಾತು ಕೇಳಿಸುವಂತಿರಲಿಲ್ಲ. ಅವಳು ನಿಲ್ಲಿಸಲಿಲ್ಲ, ಅವನ ಕೈಯನ್ನೂ ಸೇರಿಸಿಕೊಂಡು ಹಲಗೆಯನ್ನು ಮುಂದಕ್ಕೆ ತಳ್ಳಿದಳು. ಅಪ್ಪ ಕೈ ಕಿತ್ತುಕೊಳ್ಳುವಷ್ಟರಲ್ಲಿ ತೋರುಬೆರಳಿನ ತುದಿ ಸೀಳಿತು. ಬಯ್ಯಲು ಬಾಯಿ ತೆರೆದವನು ಮಗಳ ಮುಖ ನೋಡಿ ತಡೆದುಕೊಂಡ. ಏನಾಯಿತೆಂಬುದೇ ಅವಳಿಗೆ ಗೊತ್ತಾಗಿರಲಿಲ್ಲ.

ಅಪ್ಪ ಮೆಷಿನ್ ಆರಿಸಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಒಂದು ಕೈಯಿಂದ ಅವಳ ಬಲಗಣ್ಣು ಮುಚ್ಚಿದ. ಗಾಯದ ಕೈಯನ್ನು ಎದುರಿಗೆ ಹಿಡಿದ.

"ಎಷ್ಟು ಬೆರಳಿದೆ ಹೇಳು."

"ಲೈಟ್ ಹಾಕಪ್ಪ, ಸರಿಯಾಗಿ ಕಾಣ್ತಿಲ್ಲ."

ನಡುಹಗಲಿನ ಬಿಸಿಲು ಬಾಗಿಲಿಂದ ನೇರ ಅವನ ಕೈಯ ಮೇಲೇ ಬಿದ್ದಿತ್ತು.

ಆಸ್ಪತ್ರೆಯಲ್ಲಿ ನೋಡಿದಾಗ ಎಡಗಣ್ಣಿನ ಒಳಪದರ ಕಿತ್ತುಬಂದು ತಿಂಗಳುಗಳೇ ಆಗಿದ್ದವು. ಆಪರೇಷನ್ ಆದಮೇಲೂ ಆ ಕಣ್ಣಿಗೆ ಬೆಳಕಿನ ಸುಳಿವಷ್ಟೇ ಮರಳಿತು. ಬಲಗಣ್ಣಿನ ಪದರದಲ್ಲೂ ಸಣ್ಣ ಬಿರುಕುಗಳಿದ್ದವು. ಲೇಸರಿನಿಂದ ಸುತ್ತ ಬೆಸುಗೆ ಹಾಕಿದರು. ತೀರ ಬೇಗ ಹುಟ್ಟಿದವರಲ್ಲಿ ಎಷ್ಟೋ ವರ್ಷದ ಮೇಲೂ ಹೀಗಾಗುವುದುಂಟು ಎಂದು ಕಣ್ಣಿನ ಡಾಕ್ಟರಮ್ಮ ಅಮ್ಮನಿಗೆ ತಿಳಿಸಿ ಹೇಳಿದರು. ಅಮ್ಮ ತಲೆ ಎತ್ತಲಿಲ್ಲ.

"ಇನ್ನೇನೇನು ಆಗಬಹುದು ಮೇಡಂ?" ಎಂದಳು ಗುಬ್ಬಿ. "ಅಮ್ಮನಿಗಲ್ಲ, ನನಗೆ ಹೇಳಿ."

ಡಾಕ್ಟರಮ್ಮ ಅವಳ ಕಡೆ ತಿರುಗಿ ಕೂತರು. "ಉಸಿರು, ಬಿಪಿ ಎರಡನ್ನೂ ನೋಡ್ತಾ ಇರ್ಬೇಕು. ಐವತ್ತು ಅರವತ್ತಕ್ಕೆ ಏನಾಗುತ್ತೋ ನಮಗೂ ಗೊತ್ತಿಲ್ಲಮ್ಮ. ನಿನ್ನಷ್ಟು ಬೇಗ ಹುಟ್ಟಿ ಉಳಿದೋರು ಇನ್ನೂ ಆ ವಯಸ್ಸು ಮುಟ್ಟಿಲ್ಲ. ನಿಮ್ಮನ್ನ ನೋಡ್ತಾನೇ ನಾವು ಕಲೀಬೇಕು."

ಗುಬ್ಬಿ ಶೆಡ್ಡಿಗೆ ಮರಳಿದಳು, ಆದರೆ ಗರಗಸದ ಹತ್ತಿರ ಹೋಗುವುದಿಲ್ಲ. ಎಡಕ್ಕೆ ಗೋಡೆ ಬರುವಂತೆ ಅಪ್ಪ ಅವಳ ಮೇಜು ತಿರುಗಿಸಿ ಕೊಟ್ಟಿದ್ದಾನೆ. ಬೆಳಿಗ್ಗೆ ಎದ್ದ ಕೂಡಲೇ ಅವಳು, ಬಲಗಣ್ಣಿಗೂ ಪರದೆ ಸರಿದಿಲ್ಲವೆಂದು ತಿಳಿಯಲು, ಕ್ಯಾಲೆಂಡರಿನ ನಾಲ್ಕು ಮೂಲೆಯ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾಳೆ. ಅಡುಗೆಮನೆಯಲ್ಲಿ ಅಮ್ಮ ಉರಿ ತಗ್ಗಿಸಿ ಕೇಳಿಸಿಕೊಳ್ಳುತ್ತಾಳೆ.

ಮೊನ್ನೆ ಗುಬ್ಬಿ ಕೊನೆಯ ಅಂಕಿಯ ಹತ್ತಿರ ತಡವರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಓದಿದಳು. ಅಷ್ಟರಲ್ಲಿ ಅಮ್ಮ ಒಲೆ ಆರಿಸಿ, ಕಣ್ಣಾಸ್ಪತ್ರೆಗೆಂದು ಚಪ್ಪಲಿ ಮೆಟ್ಟಿಯಾಗಿತ್ತು.