ನಿಲ್ಲದ ರಕ್ತ, ಅಕ್ಕನ ಬೆಳ್ಳುಳ್ಳಿ

ಬೆಳಿಗ್ಗೆ ಹತ್ತಕ್ಕೆ ಗಾಜಿನ ಅಂಗಡಿಯವನು ಗಾಜು ಕತ್ತರಿಸುವಾಗ ಹೆಬ್ಬೆರಳು ಕುಯ್ದುಕೊಂಡ. ಮಧ್ಯಾಹ್ನ ಒಂದಾದರೂ ರಕ್ತ ನಿಂತಿರಲಿಲ್ಲ. ಅವನ ಅಪ್ಪ ಹಲ್ಲು ಕೀಳಿಸಿಕೊಂಡ ಮೇಲೆ ರಕ್ತ ನಿಲ್ಲದೆ ತೀರಿಕೊಂಡಿದ್ದ. ಆ ಕಾಯಿಲೆ ತನಗೂ ಇದೆಯೇ ಎಂಬ ಭಯದಲ್ಲಿ ಅವನು ಕೂತಲ್ಲಿ ಕೂರಲಾರದೆ ಅಡ್ಡಾಡುತ್ತಿದ್ದ. ಕತ್ತರಿಸಿದ ಗಾಜಿನ ಅಂಚನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡುವವನಂತೆ, ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಗಾಯವನ್ನೂ ನೋಡುತ್ತಿದ್ದ.

"ಅಗಿ, ಬೇಗ ಮಾಯುತ್ತೆ," ಎಂದು ಅಕ್ಕ ಇನ್ನೊಂದು ಹಸಿ ಬೆಳ್ಳುಳ್ಳಿ ಎಸಳು ಕೊಟ್ಟಳು.

"ಆರೋಗ್ಯಕ್ಕೆ ಒಳ್ಳೇದು ಅಂತ ಒಂದು ತಿಂಗಳಿಂದ ತಿನ್ನಿಸ್ತಿದ್ದೀಯಲ್ಲೇ ಅಕ್ಕ, ಈ ವಾಸನೆಗೆ ಗಿರಾಕಿಗಳು ಬಾಗಿಲಲ್ಲೇ ನಿಂತು ಮಾತಾಡ್ತಾರೆ!"

ಕೊನೆಗೆ ಇಬ್ಬರೂ ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಹೋದರು. ಅವನು ಅಪ್ಪನ ವಿಷಯ ಹೇಳುತ್ತಲೇ ಮತ್ತೆ ಗಾಯದ ಬಟ್ಟೆ ಬಿಚ್ಚಿ ನೋಡಿದ. ಅವನ ಬಾಯಿಯ ವಾಸನೆಗೆ ನರ್ಸ್ ಮುಖ ತಿರುಗಿಸಿದಳು.

"ಬೆಳ್ಳುಳ್ಳಿ ಅತಿಯಾದ್ರೆ ರಕ್ತ ಹೆಪ್ಪುಗಟ್ಟೋದು ನಿಧಾನ ಆಗಬಹುದು, ಅಣ್ಣ. ಅದರ ಮೇಲೆ ನೀವು ಬಟ್ಟೆ ಬಿಚ್ಚಿದಾಗೆಲ್ಲ ಕಟ್ಟಿದ್ದ ಹೆಪ್ಪೂ ಕಿತ್ತು ಬರುತ್ತೆ. ಅಪ್ಪಂಗೆ ಹಾಗಾಗಿದ್ರೆ ಪರೀಕ್ಷೆ ಮಾಡಿಸಲೇಬೇಕು."

ಅವಳು ಶುಭ್ರ ಬಟ್ಟೆ ಮಡಿಸಿಟ್ಟು ಗಾಯವನ್ನು ಒತ್ತಿ ಹಿಡಿದಳು. ಅವನು ನೋಡಲು ಬಗ್ಗಿದ. ಅಕ್ಕ ಅವನ ಕಣ್ಣು ಮುಚ್ಚಿದಳು.

ಕಾಲು ಗಂಟೆಯಲ್ಲಿ ರಕ್ತ ನಿಂತಿತು. ಪರೀಕ್ಷೆಗೆ ರಕ್ತ ಕೊಡಲು ಅವನು ಇನ್ನೊಂದು ಕೈ ಚಾಚಿದ.