ಕಂಚಿನ ಫಲಕದ ಹೆಸರು

ಬಾಟಲಿಯ ಮೈಗೆ ಹತ್ತಿದ ಮಂಜು ಉಗುರಿನ ಸಂದಿಗೆ ಸಿಕ್ಕಿ ಚುರುಕ್ ಅನ್ನುತ್ತಿದೆ, ದುಲ್ಸೆಯ ಅಂಗಡಿಯಲ್ಲಿ ಬೇರೇನೂ ಇಲ್ಲದಿದ್ದರೂ ಬಿಯರು ಮಾತ್ರ ಬಿಳಿ ಬಟ್ಟೆ ಉಟ್ಟ ಮದುಮಗಳ ಹಾಗೆ ಬರಬೇಕು, ಬಂದಿದೆ, ಕೂಕೊ ಅದರ ಮೇಲೆ ಉಗುರಿನಿಂದ ಏನೋ ಗೀಚುತ್ತಿದ್ದಾನೆ, ಏನು ಅಂತ ತಾನೇ ಬಗ್ಗಿ ನೋಡಿಕೊಂಡರೆ ಅನ್ಸೆಲ್ಮೊ ಅನ್ನುವ ಹೆಸರು, ಥೂ, ಅಂಗೈಯಿಂದ ಒರೆಸಿಬಿಟ್ಟ, ಅರವತ್ತು ದಾಟಿದ ಗಂಡಸು, ಪಂಕ್ಚರ್ ಹಾಕಿ ಹಾಕಿ ಉಗುರೆಲ್ಲ ಕರ್ರಗಾದವನು, ಶಾಲೆಯ ಹುಡುಗಿಯ ಹಾಗೆ ಹೆಸರು ಬರೆಯುತ್ತ ಕೂತಿದ್ದಾನೆ, ಯಾರಾದರೂ ಕಂಡರೋ ಏನೋ — ಯಾರೂ ಕಂಡಿಲ್ಲ, ಎಲ್ಲರ ಕಣ್ಣೂ ಟೀವಿಯ ಮೇಲೆ, ಬಾಯಿ ಮಾತ್ರ ಒಬ್ಬರ ಮೇಲೊಬ್ಬರದು. ಬಂದರಿನಲ್ಲಿ ಮೂಟೆ ಹೊತ್ತು ಬೆನ್ನು ಬಾಗಿಸಿಕೊಂಡ ಲಿಬೊರಿಯೊ ದೊಮಿನೊ ಆಟದ ಕಲ್ಲನ್ನು ಮೇಜಿಗೆ ಕುಟ್ಟಿ, ಹಸಿಂತೊ ಬ್ರೀಯಾನ್ನ ಬಿಟ್ಟು ಈ ಪೆಗೇರೊನ ತಗೊಂಡ್ರೆ ಆ ಬೇಸ್‌ಬಾಲ್ ಕೀರ್ತಿಭವನಕ್ಕೆ ಬೀಗ ಜಡೀಲಿ ಅಂತೀನಿ, ಬ್ರೀಯಾನ ಗ್ಲೌಸಿಗೆ ಕಣ್ಣಿತ್ತು ಮಾರಾಯ, ಚೆಂಡು ಎಲ್ಲಿ ಬೀಳುತ್ತೆ ಅಂತ ಚೆಂಡಿಗಿಂತ ಮೊದ್ಲು ಅವನಿಗೆ ಗೊತ್ತಾಗ್ತಿತ್ತು, ಗ್ಲೌಸಿಗೆ ಕಣ್ಣಿತ್ತು ಸರಿ, ಬ್ಯಾಟು ಕುರುಡಾಗಿತ್ತಲ್ಲ, ಬ್ಯಾಟು ಬೀಸಿದ್ರೆ ಸೊಳ್ಳೆ ಓಡಿಸ್ದಂಗಿತ್ತು, ಇದು ಬಾಲ್ದೊ, ಕ್ಷೌರದಂಗಡಿಯವನು, ಯಾರ ಪರವೂ ಅಲ್ಲ, ಜಗಳದ ಪರ. ಮರುಕ್ಷಣ ಅವನೇ, ಚೆಂಡನ್ನ ಬೇಲಿ ದಾಟ್ಸಿ ಹೋಮ್‌ರನ್ ಹೊಡೆದೋರೆಲ್ಲ ದೊಡ್ಡೋರಾಗೋದಾದ್ರೆ ನಮ್ಮತ್ತೆಗೂ ಒಂದು ಫಲಕ ಹಾಕ್ಸು, ಮೂವತ್ತು ವರ್ಷ ನನ್ನನ್ನ ಬೇಲಿಯಾಚೆ ಹೊಡೆದವಳು ಅವಳು. ನಗು. ಕೂಕೊನೂ ನಕ್ಕ, ತಡವಾಗಿ. ಟೀವಿಯಲ್ಲಿ ಅವನ ಅಣ್ಣನ ಮುಖ ಬಂತು, ಹಳೆಯ ಚಿತ್ರ, ಟೋಪಿಯ ಕೆಳಗೆ ಬೆವರು, ಕೆಳಗೆ ದಪ್ಪ ಅಕ್ಷರದಲ್ಲಿ ಅನ್ಸೆಲ್ಮೊ ಪೆಗೇರೊ, ನೂರಕ್ಕೆ ಎಪ್ಪತ್ತೈದು ಮತ ಬಿದ್ದರೆ ಒಳಗೆ, ಇಲ್ಲದಿದ್ದರೆ ಇದೇ ಕೊನೆಯ ವರ್ಷ, ಮತ್ತೆ ಯಾರೂ ಕೇಳುವುದಿಲ್ಲ. ಎದೆ ಹಾರುತ್ತದೆ, ಆ ಅಕ್ಷರ ಕಂಡಾಗಲೆಲ್ಲ ಹಾರುತ್ತದೆ, ಅಣ್ಣನ ಮುಖ ಕಂಡಲ್ಲ, ಅಕ್ಷರ ಕಂಡು.

ಇನ್ನೊಂದು ಮಾತು, ಬಾಲ್ದೊನ ಬಾಯಿ ಸುಮ್ಮನಿರಬೇಕಲ್ಲ, ಪೆಗೇರೊ ಹತ್ತೊಂಬತ್ತು ವರ್ಷದ ಹುಡುಗ, ಮೊದಲನೇ ವರ್ಷಾನೇ ಮೂವತ್ತು ಹೋಮ್‌ರನ್ ಹೊಡೆದ ಅಂತಾರೆ, ನಾನೂ ನೋಡ್ದೆ, ಆ ಹುಡುಗನ ಗಡ್ಡ ನೋಡಿದ್ರೆ ಮನೇಲಿ ನಾಕು ಮಕ್ಕಳು ಹಾಲಿಗೆ ಕಾಯ್ತಿರೋ ಹಂಗಿತ್ತು. ಅದನ್ನೇ ನಾನು ಹೇಳೋದು ಅಂತ ಲಿಬೊರಿಯೊ ಎದ್ದು ನಿಂತ, ವಯಸ್ಸು ಕದ್ದು ಆಡಿದೋನಿಗೆ ಫಲಕ ಯಾಕೆ, ಚಿಕ್ಕ ಮಕ್ಕಳ ಜೊತೆ ಓಡಿ ಗೆದ್ದಂಗೆ ಅದು. ಸುಮ್ನೆ ಯಾಕೆ ಕಿರುಚ್ತೀರಿ, ಗಲ್ಲಾದ ಮೇಲೆ ಕೂತು ಹುರಿದ ಬಾಳೆಕಾಯಿ ಪೊಟ್ಟಣ ಕಟ್ಟುತ್ತಿದ್ದ ದುಲ್ಸೆ ತಲೆ ಎತ್ತದೆ, ಒಡಹುಟ್ಟಿದೋನು ಇಲ್ಲೇ ಕೂತಿದಾನಲ್ಲ, ಕೇಳಿ. ಕೇಳಿದರು. ಎಲ್ಲ ತಿರುಗಿ ಕೂಕೊನನ್ನು ನೋಡಿದರು. ನಿಮ್ಮವ್ವನ ಮೇಲೆ ಆಣೆ ಮಾಡಿ ಹೇಳು ಕೂಕೊ, ನೀನು ದೊಡ್ಡೋನೋ ಅವನು ದೊಡ್ಡೋನೋ. ಅವ್ವನ ಮೇಲೆ — ಅವ್ವನನ್ನೇ ಯಾಕೆ ತಂದ ಈ ಬಾಲ್ದೊ, ಅವ್ವ ಇದ್ದಿದ್ದರೆ ಮರದ ಸೌಟು ಹಿಡಿದು ಬಂದು ಇವನ ತಲೆಗೇ ಬಾರಿಸುತ್ತಿದ್ದಳು, ಅದೇ ಸೌಟು, ಅದರ ಹಿಡಿ ಸುಟ್ಟು ಕಪ್ಪಾಗಿತ್ತು, ಆ ಸೌಟು ಹಿಡಿದು ಅವಳು ಬಾಗಿಲಲ್ಲಿ ನಿಂತಿದ್ದಾಳೆ, ಪಾಠ ಮಾಡುತ್ತಿದ್ದಾಳೆ.

ಆಗ ಈ ಓಣಿ ಇರಲಿಲ್ಲ, ಇವರ್ಯಾರೂ ಇರಲಿಲ್ಲ, ಕಬ್ಬಿನ ಗದ್ದೆಯ ನಡುವಿನ ಕೂಲಿಕೇರಿ, ಸಾಲುಮನೆ, ಹಿತ್ತಲಲ್ಲಿ ಒಂದು ಪೇರಲೆ ಮರ. ಕೇರಿಗೆ ಅಣ್ಣ ಲಾರ್ಗೊ, ಅಂದರೆ ಉದ್ದನೆಯವನು, ತಮ್ಮ ಕೂಕೊ, ಪಾದ್ರಿ ನೀರು ಹಾಕಿ ಇಟ್ಟ ಹೆಸರು ಯಾರಿಗೆ ಬೇಕಿತ್ತು, ನಮ್ಮಲ್ಲಿ ಹೆಣ ಎತ್ತುವ ದಿನವೇ ಸತ್ತವನ ಹೆಸರು ಜನಕ್ಕೆ ಗೊತ್ತಾಗುವುದು. ಪಾದ್ರಿ ಇಟ್ಟದ್ದು ಅಣ್ಣನಿಗೆ ಎಲಾದಿಯೊ, ತಮ್ಮನಿಗೆ ಅನ್ಸೆಲ್ಮೊ, ಆ ಹೆಸರು ಹಿಡಿದು ಕರೆಯುತ್ತಿದ್ದವಳು ಅವ್ವ ಒಬ್ಬಳೇ. ಉತ್ತರದ, ನ್ಯೂಯಾರ್ಕಿನ ಕಡೆಯ, ಬೇಸ್‌ಬಾಲ್ ತಂಡಗಳಿಗೆ ಹುಡುಗರನ್ನು ಹುಡುಕಿಕೊಂಡು ಬಂದ ದಲ್ಲಾಳಿ, ಬಿಳಿ ಬೂಟಿನವನು, ಅಣ್ಣ ಚೆಂಡನ್ನು ಕಬ್ಬಿನ ಗದ್ದೆಯಾಚೆ ಎತ್ತಿ ಹಾಕಿದ್ದು ನೋಡಿ ಬಾಯಿ ಚಪ್ಪರಿಸಿದ, ಆಮೇಲೆ ವಯಸ್ಸು ಕೇಳಿ ಮುಖ ಹುಳ್ಳಗೆ ಮಾಡಿದ, ಇಪ್ಪತ್ತಾ, ಇಪ್ಪತ್ತು ಅಂದ್ರೆ ಉತ್ತರದವರ ಲೆಕ್ಕದಲ್ಲಿ ಮುದುಕ ಕಣಮ್ಮ, ಅವರಿಗೆ ಹದಿನಾರು ಬೇಕು, ಹಿತ್ತಲಲ್ಲಿ ಇನ್ನೊಬ್ಬ ಇದಾನಲ್ಲ ಅವನದೆಷ್ಟು. ಹದಿನಾರು. ಅವನು ಆಡ್ತಾನಾ. ಬ್ಯಾಟನ್ನ ಪೊರಕೆ ಹಿಡ್ದಂಗೆ ಹಿಡೀತಾನೆ ಅಂದಳು ಅವ್ವ, ಇದ್ದದ್ದನ್ನು ಇದ್ದ ಹಾಗೆ. ಹಾಗಾದ್ರೆ ಅವನಿಗೆ ಆ ಜನನಪತ್ರ ಯಾಕಮ್ಮ, ದೊಡ್ಡೋನಿಗೆ ಕೊಡಿ. ಕೊಟ್ಟಳು. ಕೊಟ್ಟ ಮಾರನೆಯ ದಿನದಿಂದ ಪಾಠ. ಇಬ್ಬರೂ ಪೇರಲೆ ಮರದ ಕೆಳಗೆ ಬಾಗಿಲಿಗೆ ಬೆನ್ನು ಮಾಡಿ ಕೂರಬೇಕು, ಅವ್ವ ಕರೆಯುತ್ತಾಳೆ, ಅನ್ಸೆಲ್ಮೊ ಅಂದರೆ ಅಣ್ಣ ತಿರುಗಬೇಕು, ಎಲಾದಿಯೊ ಅಂದರೆ ಕೂಕೊ ತಿರುಗಬೇಕು, ತಪ್ಪಿದರೆ ಸೌಟು. ಕೂಕೊ ಬೇಗ ಕಲಿತ. ಅವನಿಗೇನು, ಆಟ ಅದು, ಸುಳ್ಳು ಹೇಳಿದರೆ ಹೊಡೆಯುವ ಅವ್ವ ಸುಳ್ಳು ಹೇಳದಿದ್ದರೆ ಹೊಡೆಯುತ್ತಿದ್ದಾಳೆ, ಮಜ. ಅಣ್ಣನಿಗೆ ಬರಲೇ ಇಲ್ಲ. ಎಲಾದಿಯೊ ಅಂದ ಕೂಡಲೇ ಕತ್ತು ತಿರುಗಿಬಿಡುತ್ತಿತ್ತು, ಸೌಟು ಬೀಳುತ್ತಿತ್ತು, ಬಿಸಿಲಿಗೆ ಕಪ್ಪಾದ ಉದ್ದ ಕತ್ತು, ಮೈಯೆಲ್ಲ ದೊಡ್ಡವನಾಗಿ ಕತ್ತು ಮಾತ್ರ ಹುಡುಗನದೇ ಆಗಿ ಉಳಿದಂಥ ಕತ್ತು, ತಿರುಗುತ್ತಿತ್ತು. ರಾತ್ರಿ ಚಾಪೆಯ ಮೇಲೆ, ಕೂಕೊ, ಇನ್ಮೇಲೆ ಎಲಾದಿಯೊ ಅಂತ ನನ್ನ ಯಾರು ಕರೀತಾರೋ, ಅಂದಿದ್ದ. ಮಲಗು ಲಾರ್ಗೊ ಅಂದಿದ್ದ ಇವನು. ಮಲಗು ಅಂದುಬಿಟ್ಟಿದ್ದ.

ನಾನೇ ದೊಡ್ಡೋನು, ಕೂಕೊ ಹೇಳಿದ, ಅವ್ವನಾಣೆಗೂ. ನಾಲ್ಕು ವರ್ಷ. ಕಾಗದದ ಪ್ರಕಾರ ಸುಳ್ಳೂ ಅಲ್ಲ, ಮತದಾನದ ಚೀಟಿಯಲ್ಲಿ ಅವನು ಎಲಾದಿಯೊ, ಮದುವೆಯಲ್ಲಿ ಪಾದ್ರಿಯ ಮುಂದೆ ಎಲಾದಿಯೊ, ಹೆಂಡತಿ ಅಲ್ತಾಗ್ರಾಸಿಯ ಸಾಯುವವರೆಗೂ ಸಿಟ್ಟು ಬಂದಾಗ ಎಲಾದಿಯೊ ಅಂತಲೇ ಕೂಗಿದಳು, ಮಿಕ್ಕ ಹೊತ್ತು ಕೂಕೊ. ಬಾಲ್ದೊ ಅವನನ್ನು ಮೇಲಿಂದ ಕೆಳಗೆ ನೋಡಿದ, ನಿನ್ನ ತಲೆಗೂದ್ಲು ಕತ್ತರಿಸೋನು ನಾನು, ನೀನು ಅವನಿಗಿಂತ ನಾಕು ವರ್ಷ ದೊಡ್ಡೋನಾದ್ರೆ ಟೈರಿನ ಅಂಟು ತಿಂದು ಯೌವನ ಉಳಿಸ್ಕೊಂಡಿದೀಯ, ನನಗೂ ಒಂದು ಟ್ಯೂಬು ಕೊಡು. ಮತ್ತೆ ನಗು. ಲಿಬೊರಿಯೊ ಮಾತ್ರ ನಗಲಿಲ್ಲ, ಕೂತ, ತಾಯಿ ಮೇಲೆ ಆಣೆ ಇಟ್ಟ ಮೇಲೆ ಮುಗೀತು ಬಿಡ್ರಪ್ಪ, ನಾನು ಬಾಯಿ ಮುಚ್ಚಿದೆ, ಅಂದ, ಮರ್ಯಾದಸ್ಥ, ನಂಬಿಬಿಟ್ಟ. ಕೂಕೊನ ಕಿವಿ ಬಿಸಿಯಾಯಿತು. ಆದರೆ ಈ ಸುಳ್ಳಿಗಲ್ಲ, ಈ ಸುಳ್ಳು ಅವ್ವನದು, ಅವಳ ಹೊಟ್ಟೆಯ ಸುಳ್ಳು, ಅದನ್ನು ಹೊತ್ತು ಹೊತ್ತು ಹೆಗಲು ಜಡ್ಡುಗಟ್ಟಿದೆ, ನಾಚಿಕೆ ಅದಕ್ಕಲ್ಲ. ನಾಚಿಕೆ ಮೊನ್ನೆಯ ಕ್ರಿಸ್‌ಮಸ್‌ನದು. ಅದು ಅವನದೇ, ಸ್ವಂತದ್ದು, ಯಾರ ಮೇಲೂ ಹಾಕುವ ಹಾಗಿಲ್ಲ.

ಅಂದು ಓಣಿಯ ತುಂಬ ಹಂದಿ ಸುಡುವ ವಾಸನೆ, ಅಣ್ಣ ನ್ಯೂಯಾರ್ಕಿನಿಂದ ಫೋನು ಮಾಡಿದ್ದ, ದನಿ ಮೆತ್ತಗಿತ್ತು, ಮಂಡಿ ನೋವಂತೆ, ಹಿಮವಂತೆ, ಆಮೇಲೆ, ಕೂಕೊ, ಈ ಸಲ ತಗೊಂಡ್ರೂ ತಗೊಂಡಾರು, ಪತ್ರಿಕೆಯೋರು ಹಂಗಂತಿದಾರೆ, ತಗೊಂಡ್ರೆ ನಿಜ ಹೇಳಿಬಿಡೋಣ ಅಂತಿದೀನಿ, ವಯಸ್ಸು ನಾಕು ಜಾಸ್ತಿ ಅಂತ ಬರ್ಕೊಳ್ಲಿ, ಬೈದ್ರೆ ಬೈಲಿ, ಆದ್ರೆ ಆ ಕಂಚಿನ ಮೇಲೆ ಎಲಾದಿಯೊ ಅಂತಿರ್ಲಿ ಕಣೋ, ಅವ್ವ ಕರೀತಿದ್ದ ಹೆಸ್ರು, ನಾನು ಹೊಡೆದ ಒಂದೊಂದು ಹೊಡೆತಕ್ಕೂ ಜನ ನಿನ್ನ ಹೆಸ್ರು ಕೂಗಿದ್ರು, ನನಗೆ ಬೇಜಾರಿಲ್ಲ, ಆದ್ರೆ ಕಲ್ಲು ಕಂಚು ಅನ್ನೋದು ನಾವು ಸತ್ತ ಮೇಲೂ ಇರುತ್ತಲ್ಲ, ನಿನ್ನ ಹೆಸ್ರೂ ನಿನಗೆ ವಾಪಸ್ ಬರುತ್ತೆ, ನೀನೇನಂತೀಯ. ಏನಂದ ಕೂಕೊ. ಹಂಗೆಲ್ಲ ಹುಚ್ಚು ಮಾತಾಡ್ಬೇಡ ಚಾಂಪಿಯನ್, ಅಂದ, ತಗೊಂಡಿದ್ದನ್ನೇ ವಾಪಸ್ ಕಿತ್ಕೊಂಡಾರು, ಮೋಸಗಾರ ಅಂದಾರು, ಇಲ್ಲಿಯ ಹುಡುಗರಿಗೆಲ್ಲ ನಿನ್ನಿಂದ ಕೆಟ್ಟ ಹೆಸ್ರು ಬಂದೀತು, ಅವ್ವನ ಆತ್ಮ ನೊಂದೀತು, ಬೇಡ. ಅವ್ವನ ಆತ್ಮ ಅಂತ ಬೇರೆ ಸೇರಿಸಿದ. ಅದಕ್ಕೆ ಅಣ್ಣ, ನೀನು ಯಾವತ್ತೂ ನನ್ನ ಬಗ್ಗೆನೇ ಯೋಚ್ನೆ ಮಾಡ್ತೀಯ ಕೂಕೊ, ಅಂದ, ಸರಿ, ನೀನು ಹೇಳ್ದಂಗೇ ಆಗ್ಲಿ. ಅಣ್ಣನ ಬಗ್ಗೆಯಾ. ಫೋನು ಇಟ್ಟ ಮೇಲೆ ಕೂಕೊ ಎಲ್ಲಿಗೆ ಹೋದ, ತನ್ನ ಪಂಕ್ಚರ್ ಅಂಗಡಿಗೆ ಹೋದ, ಬಾಗಿಲು ಎಳೆದುಕೊಂಡ, ಟ್ಯೂಬು ಮುಳುಗಿಸಿ ತೂತು ಹುಡುಕುವ ತೊಟ್ಟಿಯ ಮುಂದೆ ಕೂತು ಒದ್ದೆ ಬೆರಳಿನಿಂದ ಸಿಮೆಂಟಿನ ಮೇಲೆ ಬರೆದ, ಅನ್ಸೆಲ್ಮೊ ಪೆಗೇರೊ, ಒಣಗಿತು, ಮತ್ತೆ ಬರೆದ. ಹೆಸರು ವಾಪಸ್ ಬಂದರೆ ಎಲ್ಲಿಗೆ ಬರುತ್ತಿತ್ತು, ಈ ತೊಟ್ಟಿಯ ಹತ್ತಿರ, ಈ ಟೈರುಗಳ ನಡುವೆ, ಯಾರಿಗೆ ಬೇಕು ಅದು, ಅಲ್ಲಿ ಉತ್ತರದ ಕೀರ್ತಿಭವನದ ಗೋಡೆಯ ಮೇಲೆ ಇದ್ದರೆ ಜನ ಟೋಪಿ ತೆಗೆದು ನೋಡುತ್ತಾರೆ, ಮಕ್ಕಳಿಗೆ ಓದಿ ಹೇಳುತ್ತಾರೆ, ತನ್ನ ಹೆಸರು, ಪಾದ್ರಿ ತನ್ನ ನೆತ್ತಿಗೆ ನೀರು ಹಾಕಿ ಇಟ್ಟ ಹೆಸರು, ಬ್ಯಾಟನ್ನು ಪೊರಕೆಯ ಹಾಗೆ ಹಿಡಿದವನ ಹೆಸರು. ಅದು ಬೇಕಾಗಿತ್ತು ಅವನಿಗೆ. ಹಸಿದವನಿಗೆ ಅನ್ನ ಬೇಕಾಗುವ ಹಾಗೆ ಬೇಕಾಗಿತ್ತು. ಮೂರು ಹೊತ್ತೂ ಅಣ್ಣ ಕಟ್ಟಿಸಿಕೊಟ್ಟ ಮನೆಯಲ್ಲಿ ಉಂಡು, ಅಣ್ಣನ ಬಾಯಿಂದ ಒಂದೇ ಒಂದು ಹೆಸರನ್ನು ಕಿತ್ತುಕೊಂಡ.

ಈಗ ಹೇಳ್ತಾರೆ ಈಗ ಹೇಳ್ತಾರೆ, ಸುಮ್ನಿರಿ, ದುಲ್ಸೆ ಟೀವಿಯ ದನಿ ಏರಿಸಿದಳು, ಅಲ್ಲಿ ಕೋಟು ಹಾಕಿದವನೊಬ್ಬ ಲಕೋಟೆ ಎತ್ತಿ ತೋರಿಸಿದ, ಬಾಯಿ ತೆರೆದ — ಕರೆಂಟು ಹೋಯಿತು. ಫ್ಯಾನು ನಿಂತಿತು, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು, ಓಣಿಯುದ್ದಕ್ಕೂ ಒಂದೇ ನರಳಾಟ, ಬಾಲ್ದೊ ಕರೆಂಟಿನವರ ತಾಯಿಯಿಂದ ಶುರುಮಾಡಿ ಮಂತ್ರಿಗಳವರೆಗೆ ಎಲ್ಲರನ್ನೂ ನೆನೆಸಿಕೊಂಡ. ಸಂಜೆಯ ಮಬ್ಬಿನಲ್ಲಿ ಕೂಕೊನ ಜೇಬು ಗುಂಯ್‌ಗುಟ್ಟಿತು. ಅವನೇ, ಅವನೇ, ತೆಗಿ ತೆಗಿ, ಅಂತ ಲಿಬೊರಿಯೊ, ಕೀರ್ತಿಭವನ ಬೇಡವೆಂದಿದ್ದ ಲಿಬೊರಿಯೊನೇ, ಅವನ ಭುಜ ಅಲ್ಲಾಡಿಸುತ್ತಿದ್ದಾನೆ, ಎಲ್ಲ ಸುತ್ತುವರಿದರು, ಬಾಲ್ದೊನ ಕಿವಿ ಹೆಚ್ಚುಕಮ್ಮಿ ಕೂಕೊನ ಕೆನ್ನೆಗೆ ತಾಗಿದೆ, ಹಜಾಮತಿ ಸೋಪಿನ ವಾಸನೆ. ಕೂಕೊ, ಅಣ್ಣನ ದನಿ, ಒದ್ದೆಯಾಗಿದೆ, ತಗೊಂಡ್ರು ಕಣೋ. ತಗೊಂಡ್ರಂತೆ, ಕೂಕೊ ಹೇಳಿದ್ದೇ ತಡ ಅಂಗಡಿ ಎದ್ದು ಕುಣಿಯಿತು, ದುಲ್ಸೆ ತಟ್ಟೆ ಬಡಿದಳು, ಆ ಗದ್ದಲದಲ್ಲಿ ಕೂಕೊನಿಗೆ ಮಾತ್ರ ಕೇಳುವ ಹಾಗೆ ಅಣ್ಣ ಇನ್ನೂ ಹೇಳುತ್ತಿದ್ದಾನೆ, ಫಲಕದ ಮೇಲೆ ಯಾವ ಹೆಸ್ರು ಅಂತ ಕೇಳಿದ್ರು ಕೂಕೊ, ನೀನು ಹೇಳಿದ್ದನ್ನೇ ಹೇಳ್ದೆ, ಅನ್ಸೆಲ್ಮೊ ಅಂದೆ, ಇರ್ಲಿ, ಪರವಾಗಿಲ್ಲ, ಒಂದೇ ಒಂದು ಕೇಳ್ತೀನಿ, ಅವ್ವ ಹೋದ ಮೇಲೆ ಯಾರೂ ಕರೆದಿಲ್ಲ, ನೀನೊಬ್ಬನೇ ಉಳಿದಿರೋದು, ಒಂದ್ಸಲ ನನ್ನ ಹೆಸ್ರಿಟ್ಟು ಕರಿಯೋ, ನನ್ನದು, ಒಂದೇ ಸಲ, ಸಾಕು. ಮಾತಾಡು ಮಾರಾಯ ಬಾಯಲ್ಲಿ ಏನಿಟ್ಕೊಂಡಿದೀಯ, ಬಾಲ್ದೊ ತಿವಿದ. ಬಾಯಲ್ಲಿದೆ, ಎಲಾದಿಯೊ, ನಾಲಿಗೆಯ ತುದಿಯಲ್ಲೇ ಇದೆ, ನಾಲ್ಕು ಅಕ್ಷರ, ಎದ್ದು ಆಚೆ ಹೋಗಿ ಗೋಡೆಯ ಮರೆಯಲ್ಲಿ ನಿಂತು ಹೇಳಬಹುದು, ಯಾರು ತಡೆದಿದ್ದಾರೆ, ಪಿಸುಗುಟ್ಟಿದರೂ ಸಾಕು, ಎಲ್ಲರೂ ನೋಡುತ್ತಿದ್ದಾರೆ, ಎಲ್ಲರ ಹಲ್ಲೂ ಕತ್ತಲಲ್ಲಿ ಬೆಳ್ಳಗೆ, ಎಷ್ಟು ಪ್ರೀತಿಯಿಂದ ನೋಡುತ್ತಿದ್ದಾರೆ. ಅಭಿನಂದನೆ, ಅಂದ ಕೂಕೊ, ಅಭಿನಂದನೆ ಅನ್ಸೆಲ್ಮೊ. ಮೆಲ್ಲಗಲ್ಲ. ಇಡೀ ಅಂಗಡಿಗೆ ಕೇಳುವ ಹಾಗೆ, ಬಾಯಿ ತುಂಬ, ಒಂದೊಂದು ಅಕ್ಷರದ ರುಚಿ ನೋಡಿಕೊಂಡು.

ಅಂಗಡಿ ಆ ಹೆಸರನ್ನು ಎತ್ತಿಕೊಂಡಿತು, ಅನ್ಸೆಲ್ಮೊ, ಅನ್ಸೆಲ್ಮೊ, ಮೇಜು ಬಡಿಯುತ್ತಿದ್ದಾರೆ, ಆಚೆಯಿಂದ ಹುಡುಗರೂ ಕೂಗುತ್ತಿದ್ದಾರೆ, ಫೋನಿನಲ್ಲಿ ಅಣ್ಣ, ಸರಿ ಬಿಡು ಕೂಕೊ, ಅಷ್ಟೇ, ಸರಿ ಬಿಡು, ಸಿಟ್ಟಿಲ್ಲ ಅದರಲ್ಲಿ, ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಫೋನು ಸತ್ತಿದೆ, ಅವನ ಕಿವಿಯಲ್ಲೇ ಇದೆ. ಮತ್ತೆ ಮಾಡು, ಈಗಲೇ ಮಾಡು, ಕೈ ಏಳುವುದಿಲ್ಲ, ಯಾರೋ ತಬ್ಬಿಕೊಂಡರು, ಯಾರೋ ಹೊಸ ಬಾಟಲಿ ಕೈಗಿಟ್ಟರು, ತಣ್ಣಗೆ, ಬೆಳ್ಳಗೆ, ಅದರ ಮೇಲೆ ಏನೂ ಬರೆದಿಲ್ಲ — ಪಾಠದ ಕೊನೆಯ ದಿನ, ಮಾರನೆಯ ಬೆಳಿಗ್ಗೆ ದಲ್ಲಾಳಿಯ ಜೀಪು ಬರುವುದು, ಅವ್ವ ಈ ಸಲ ಸೌಟು ತಂದಿಲ್ಲ, ಬರಿಗೈಯಲ್ಲಿ ಬಾಗಿಲಿಗೆ ಬಂದಿದ್ದಾಳೆ, ಪರೀಕ್ಷೆಯಲ್ಲ ಅದು, ಮರೆತೇ ಕರೆಯುತ್ತಿದ್ದಾಳೆ, ಎಲಾದಿಯೊ, ಬಾರಪ್ಪ, ಅನ್ನ ಆರ್ತಾ ಇದೆ. ಪೇರಲೆ ಮರದ ಕೆಳಗೆ ಅಣ್ಣನ ಆ ಕತ್ತು, ಬಿಸಿಲಿಗೆ ಕಪ್ಪಾದ ಉದ್ದ ಕತ್ತು, ಒಂದು ನರ ಅದುರಿತು, ನಿಂತಿತು. ಎಲಾದಿಯೊ, ಅವ್ವ ಕರೆಯುತ್ತಿದ್ದಾಳೆ. ಆ ಕತ್ತು ತಿರುಗುವುದಿಲ್ಲ.