ಬಾಯಿರುವ ಮಾಲೀಕ

ಮಗ ತೀರಿಕೊಂಡ ಮೇಲೂ ಅವನ ಡ್ರೋನ್ ದುಡಿಯುತ್ತಿತ್ತು. ಹಣ್ಣಿನ ತೋಟಗಳಿಗೆ ಔಷಧ ಸಿಂಪಡಿಸಲು ಅವನು ಕೊಂಡ ಯಂತ್ರ ಅದು. ಜ್ವರವೊಂದು ಅವನನ್ನು ಕರೆದುಕೊಂಡು ಹೋಯಿತು. ದೇವರ ಇಚ್ಛೆ, ನಾನು ಜಗಳವಾಡಲಿಲ್ಲ. ಸೊಸೆಯ ಅಣ್ಣ ಬಂದು, "ಮೂಲೇಲಿದ್ರೆ ತುಕ್ಕು ಹಿಡಿಯುತ್ತೆ ಮಾವ, ನಾನೇ ಹಾರಿಸ್ತೀನಿ" ಎಂದ. ಅರಳು ಹುರಿದಂತೆ ಮಾತಾಡುವ ಅವನನ್ನು ನಾವು ಪಟಾಕಿ ಎಂದೇ ಕರೆಯುವುದು.

ಸಂಜೆ ಒಯ್ಯುತ್ತಿದ್ದ, ಬೆಳಿಗ್ಗೆ ತಂದು ನಮ್ಮ ಪಡಸಾಲೆಯಲ್ಲಿ ಚಾರ್ಜಿಗೆ ಹಾಕುತ್ತಿದ್ದ. ಮಗನಿದ್ದಾಗ ಪಡಸಾಲೆಯೆಲ್ಲ ಔಷಧದ ಘಾಟು. ಈಗ ಅದಿಲ್ಲ. ಒಂದು ದಿನ ಬಗ್ಗಿ ನೋಡಿದೆ. ಔಷಧದ ತೊಟ್ಟಿ ಬಿಚ್ಚಿಟ್ಟು, ಆ ಜಾಗದಲ್ಲಿ ಕೊಕ್ಕೆಯೊಂದನ್ನು ಕಟ್ಟಿದ್ದ. ಅದರಲ್ಲಿ ಮೀನು ಹಿಡಿಯುವ ದಾರದ ತುಂಡು ಜೋತುಬಿದ್ದಿತ್ತು. ದೀಪಗಳಿಗೆಲ್ಲ ಕಪ್ಪು ಟೇಪು ಸುತ್ತಿದ್ದ.

"ಇದೇನಪ್ಪಾ?"

"ಪಾರ್ಸೆಲ್ ಮಾವ. ಗೋಡೆ ಆಚೆ ಇರೋರಿಗೂ ಆಸೆ ಇರಲ್ವಾ?"

ನಮ್ಮ ಕಡೆ ಅಂಥ ಗೋಡೆ ಇರುವುದು ಜೈಲಿಗೆ ಮಾತ್ರ. ಡ್ರೋನಿನಿಂದ ಜೈಲಿನೊಳಗೆ ಏನನ್ನೇ ಇಳಿಸಿದರೂ ವರ್ಷಗಟ್ಟಲೆ ಸೆರೆ ಎಂಬ ಹೊಸ ಕಾನೂನು ಆ ವಾರವೇ ಪತ್ರಿಕೆಯಲ್ಲಿ ಬಂದಿತ್ತು. ಯಂತ್ರ ಯಾರ ಹೆಸರಿನಲ್ಲಿದೆಯೋ ಅವರೇ ಮೊದಲ ಆರೋಪಿ ಎಂದೂ ಇತ್ತು.

"ಅದು ನನ್ನ ಮಗನ ಹೆಸರಲ್ಲಿದೆ ಕಣೋ."

"ಅದಕ್ಕೇ ಹಾರಿಸ್ತಿರೋದು! ಸತ್ತೋರಿಗೆ ಯಾರು ಕೋಳ ಹಾಕ್ತಾರೆ? ಭಾವ ಬದುಕಿದ್ದಾಗ ಒಂದು ಟೀ ಕೊಡಿಸ್ಲಿಲ್ಲ, ಈಗ ಸಹಾಯ ಮಾಡ್ತಿದ್ದಾರೆ."

"ಅಣ್ಣಾ, ನಾಲಿಗೆ ಬಿಗಿಹಿಡಿ," ಎಂದು ಒಳಗಿನಿಂದ ಸೊಸೆ ಗದರಿದಳು.

ಮಗ ಯಾರ ಬೇಲಿಯ ಹೂವನ್ನೂ ಕೇಳದೆ ಕಿತ್ತವನಲ್ಲ. ಅವನ ಹೆಸರು ಬಿಟ್ಟರೆ ನನಗೆ ಉಳಿದದ್ದಾದರೂ ಏನು? ಅದಕ್ಕೆ ಮಸಿ ಬಳಿದರೆ, ಅಲ್ಲ ಎನ್ನಲು ಅವನು ಎದ್ದು ಬರುವುದಿಲ್ಲ. ಠಾಣೆಗೆ ಹೋಗೋಣವೆಂದರೆ ಇವನು ಸೊಸೆಯ ಒಡಹುಟ್ಟಿದವನು. ಆ ದಿನ ಪ್ರಾರ್ಥನೆಗೆ ಕೂತರೆ ದೇವರ ಹೆಸರಿನ ಜಾಗದಲ್ಲಿ ಮಗನ ಹೆಸರೇ ಬಾಯಿಗೆ ಬರುತ್ತಿತ್ತು.

ಮರುದಿನ ಸೊಸೆಯೊಡನೆ ನೋಂದಣಿ ಕಚೇರಿಗೆ ಹೋಗಿ ಯಂತ್ರವನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ.

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ಈ ವಯಸ್ಸಲ್ಲಿ ಹಾರಿಸ್ತೀರಾ ಅಜ್ಜಾ?"

"ಇಳಿಸೋಕಪ್ಪಾ," ಎಂದೆ.

ಪಟಾಕಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಂಗಾಯ್ತು ಮಾವ! ಈಗ ಒಳಗೆ ಹೋಗೋರು ನೀವೇ."

"ಹೋಗ್ತೀನಿ. ಆದ್ರೆ ಹಾರಿಸಿದ್ದು ಯಾರು ಅಂತ ಮೊದ್ಲು ಕೇಳ್ತಾರಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನನ್ನ ಮಗನಿಗೆ ಬಾಯಿಲ್ಲ. ನನಗಿದೆ."

ನಗು ನಿಂತಿತು. ಅವನು ಕೊಕ್ಕೆಯನ್ನು ಬೆರಳಿನಿಂದ ತೂಗುತ್ತ ಕೂತ.

"ಗೋಡೆ ಆಚೆ ಇರೋರು ನನ್ನಷ್ಟು ಒಳ್ಳೆಯವರಲ್ಲ ಮಾವ. ಅವರ ಕಡೆಯೋರು ಹೊರಗೂ ಇದ್ದಾರೆ. ಅವರಿಗೆ ಇದನ್ನ ಹೇಳ್ಲೇಬೇಕಾಗುತ್ತೆ."

"ಹೇಳು."

"ಸಂಜೆ ನೀವು ತಿರುಗಾಡೋಕೆ ಹೋಗೋದು ಕಾಲುವೆ ದಂಡೆ ಮೇಲಲ್ವಾ? ಒಬ್ರೇ?"

ಸೊಸೆ ಬಾಗಿಲಿಗೆ ಬಂದು ನಿಂತಿದ್ದಳು. ಅಣ್ಣನ ಮುಖವನ್ನೇ ನೋಡಿ, ನನ್ನ ಕಡೆ ತಿರುಗಿದಳು.

"ನನ್ನ ಅಣ್ಣ ಅಂತ ನೋಡ್ಬೇಡಿ ಮಾವ. ಏಳಿ, ಠಾಣೆಗೆ ನಾನೂ ಬರ್ತೀನಿ."

ನಾನು ಕೊಕ್ಕೆಯನ್ನು ಅವನ ಬೆರಳಿನಿಂದ ಬಿಡಿಸಿ, ಬಿಚ್ಚಿ, ಜೇಬಿಗೆ ಹಾಕಿಕೊಂಡೆ. ಅವನು ತಡೆಯಲಿಲ್ಲ. ನಾವು ಮೆಟ್ಟಿಲು ಇಳಿಯುವಾಗ ಹಿಂದೆ ಪಡಸಾಲೆಯಲ್ಲಿ ಯಾರಿಗೋ ಫೋನ್ ಮಾಡಿ ಮೆಲ್ಲಗೆ ಮಾತಾಡುತ್ತಿದ್ದ.

ಠಾಣೆಗೆ ಇದ್ದದ್ದು ಕಾಲುವೆ ದಂಡೆಯ ದಾರಿ ಒಂದೇ.